ಹೊಟ್ಟೆ ಸೀಳದ ಅಕ್ಷರ

ಶಹಾಬಾದ,
೨೨ ಸೆಪ್ಟೆಂಬರ್ ೨೦೦೭, ಶನಿವಾರ

ತೀರ್ಥರೂಪ ಅಪ್ಪಾ,

ನಿಮ್ಮ ಪದ್ಮಜಾಳ ಸಾಷ್ಟಾಂಗ ನಮಸ್ಕಾರಗಳು. ನಿಮ್ಮ ಆರೋಗ್ಯ ಹೇಗಿದೆ? ಟರ್ಪಂಟೈನಿನ ವಾಸನೆಗೆ ಬೆಳಗಿನ ಜಾವ ಏಳುತ್ತಿದ್ದ ಆ ಕೆಮ್ಮು ಕಡಿಮೆಯಾಯಿತೇ? ಕನ್ನಡಕದ ಒಡೆದ ಕಡ್ಡಿಗೆ ಈಗಲೂ ದಾರ ಸುತ್ತಿಕೊಳ್ಳುತ್ತೀರಾ? ಹನ್ನೆರಡು ವರ್ಷಗಳ ನಂತರ ಕೇಳುವ ಪ್ರಶ್ನೆಗಳೇ ಇವು ಎಂದು ನಗಬೇಡಿರಿ. ಬೇರೆ ಪ್ರಶ್ನೆಗಳನ್ನು ಕೇಳುವ ಧೈರ್ಯ ನನಗಿಲ್ಲ. ಅಮ್ಮನ ಮೊಣಕಾಲು ನೋವು ಹೆಚ್ಚಾಗಿದೆ. ಆದರೂ ದಿನವೂ ಕನ್ನಡಿಯ ಮುಂದೆ ನಿಂತು ರೂಪಾಯಿಯಗಲದ ಕುಂಕುಮವನ್ನು ತಪ್ಪದೆ ಇಟ್ಟುಕೊಳ್ಳುತ್ತಾಳೆ. ಮನೆಯಲ್ಲಿ ಈಗ ವಾದವೆದ್ದಿರುವುದೂ ಆ ಕುಂಕುಮದ ಬಗ್ಗೆಯೇ. ಅದನ್ನು ಮುಂದೆ ಬರೆಯುತ್ತೇನೆ.

ಮೊದಲು ನನ್ನ ಸುದ್ದಿ. ಗುಲಬರ್ಗಾದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ. ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ನಾನು, ಮೂರು ವರ್ಷವೂ ಮೊದಲನೆಯವಳು. ಶಹಾಬಾದದಲ್ಲಿ ಹಸೀನಾಬೇಗಂ ಅವರ ಕಲ್ಲು ಪಾಲಿಶ್ ಕಾರ್ಖಾನೆಗೆ ಸಿಎನ್‌ಸಿ ರೌಟರ್ ಎಂಬ ಯಂತ್ರ ಬಂದಾಗ, ಅದನ್ನು ನಡೆಸಬಲ್ಲವರು ಜಿಲ್ಲೆಯಲ್ಲಿ ಯಾರಿದ್ದಾರೆಂದು ಕೇಳುತ್ತ ಅವರೇ ನಮ್ಮ ಮನೆಗೆ ಬಂದರು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಈ ಯಂತ್ರ ತಿರುಗುವ ವಜ್ರದ ಮೊನೆಯಿಂದ ಕಲ್ಲಿನಲ್ಲೋ ಕಟ್ಟಿಗೆಯಲ್ಲೋ ಕಡೆಯುತ್ತದೆ. ಎಡ ಬಲ, ಹಿಂದೆ ಮುಂದೆ, ಮೂರನೆಯದಾಗಿ ಆಳ: ಅದಕ್ಕೆ ಗೊತ್ತಿರುವುದು ಇಷ್ಟೇ. ಅಕ್ಷರಗಳು ಉಬ್ಬಿ ನಿಲ್ಲಬೇಕೆಂದು ನೀವು ಪ್ರತಿಯೊಂದರ ಎಡಗಡೆಗೆ ಕಪ್ಪು ಬಣ್ಣದ ನೆರಳು ಬರೆಯುತ್ತಿದ್ದಿರಲ್ಲ, ನಾನು ಕಡೆದ ಅಕ್ಷರಗಳಿಗೆ ಆ ನೆರಳನ್ನು ಸೂರ್ಯನೇ ಬರೆಯುತ್ತಾನೆ. ನಾನು ಕಮಲ ಕಡೆದಿದ್ದೇನೆ, ನಂದಿಯನ್ನು ಗಂಗೆದೊಗಲಿನ ಮಡಿಕೆ ಸಹಿತ ಕಡೆದಿದ್ದೇನೆ.

ಆದರೆ ಕಂಪ್ಯೂಟರಿನ ಕನ್ನಡ ಅಕ್ಷರಗಳು ಕಲ್ಲಿನ ಮೇಲೆ ಬಿಸ್ಕತ್ತಿನ ಮೇಲಿನ ಹೆಸರಿನಂತೆ ಕಾಣುತ್ತಿದ್ದವು. ಆಗ ನಿಮ್ಮ ಪೆಟ್ಟಿಗೆಯಿಂದ ಅಕ್ಷರಮಾಲೆಯ ಪಟ್ಟಿಯನ್ನು ತೆಗೆದೆ. ಚಿತ್ತಾಪುರದ ಶಾಲೆಯ ಚಿತ್ರಕಲೆಯ ತರಗತಿಗಾಗಿ ನೀವು ಬರೆದದ್ದು. ಒಂದೊಂದೇ ಅಕ್ಷರದ ಅಂಚನ್ನು ಎರಡು ತಿಂಗಳು ಕೂತು ತಿದ್ದಿ ಯಂತ್ರಕ್ಕೆ ಕಲಿಸಿದೆ. ‘ವ’ದ ಕೊರಳು ನಿಮ್ಮದೇ, ‘ಳ’ದ ಬಾಲ ನಿಮ್ಮದೇ. ಧ, ಭ, ಫ ಇಂಥವುಗಳ ಹೊಟ್ಟೆ ಸೀಳುವುದನ್ನು ನೀವು ಹಲವು ಕಡೆ ಮರೆತಿದ್ದಿರಿ. ಅವನ್ನೆಲ್ಲ ನಾನೇ ಸೀಳಿ ಸರಿಪಡಿಸಿದೆ. ಸೇಡಂ, ಚಿಂಚೋಳಿ, ಚಿತ್ತಾಪುರದ ಅಂಗಡಿಗಳ ಮೇಲೆ ಈಗ ನಿಮ್ಮ ಕೈಬರಹ ಇದೆ, ನೀವು ಮಾತ್ರ ಇಲ್ಲ. ಹಸೀನಾಬೇಗಂ ಚೇಷ್ಟೆ ಮಾಡುತ್ತಾರೆ: “ನಿಮ್ಮ ಅಬ್ಬಾ ನಮ್ಮ ಕಾರ್ಖಾನ್ಯಾಗ ಪಗಾರ ಇಲ್ದ ದುಡಿಯಾಕತ್ತಾರ ನೋಡ್ ಬೇಟಿ.” ನಾನೂ ನಗುತ್ತಿದ್ದೆ. ನನಗೆ ಹೆಮ್ಮೆಯಿತ್ತು ಅಪ್ಪಾ.

ಕಳೆದ ಆಷಾಢದಲ್ಲಿ ಅಮ್ಮ ನೆಂಟರ ಮನೆಗೆಂದು ಚಿಂಚೋಳಿಗೆ ಹೋದಳು. ಮಧ್ಯಾಹ್ನ, ಅಲ್ಲಿ ನಾನು ಬೋರ್ಡು ಕಡೆದುಕೊಟ್ಟಿದ್ದ ಬಟ್ಟೆ ಅಂಗಡಿಯ ಲಾಲಪ್ಪನ ಫೋನು ಬಂತು: “ನಿಮ್ಮವ್ವಾರು ನಮ್ಮ ಬೋರ್ಡಿನ ಕೆಳಗ ಕುಂತಾರ್ರಿ, ಏಳಲ್ಲೆ ಅಂತಾರ. ಲಗೂನ ಬರ್ರಿ.” ನಾನು ಅಲ್ಲಿಗೆ ಮುಟ್ಟಿದಾಗ ಅವಳು ಮೆಟ್ಟಿಲ ಮೇಲೆ ಕೂತು ಮೇಲೆಯೇ ನೋಡುತ್ತಿದ್ದಳು. ಕಲ್ಲು ಹೊಸದು, ಬರಹ ನಿಮ್ಮದು. ಅಂದ ಮೇಲೆ ನೀವು ಈ ಊರಿನಲ್ಲೇ ಇದ್ದೀರಿ, ಇದೇ ದಾರಿಯಲ್ಲಿ ಬಂದೇ ಬರುತ್ತೀರಿ. ಅದು ಅವಳ ಲೆಕ್ಕ. ಯಂತ್ರ ಬರೆದದ್ದೆಂದು ಹೇಳಿದೆ. “ಮಿಷಿನ್ನಿಗಿ ಅವರ ಕೈ ಎಲ್ಲಿಂದ ಬಂತ?” ಎಂದಳು. ಪಟ್ಟಿಯ ಕಥೆ ಹೇಳಿದೆ. “ಅವರ ಕೈ ಒಂದ ಉಳದಿತ್ತು. ಅದನ್ನೂ ಬೀದಿಗಿ ಹಚ್ಚಿದೆಲ್ಲ” ಎಂದಳು. ಅಂದಿನಿಂದ ಯಂತ್ರ ತಿರುಗುವಾಗ ನನ್ನ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೆ ಎನಿಸುತ್ತದೆ. ತಿರುಗಿ ನೋಡಿದರೆ ಕಲ್ಲಿನ ಬಿಳಿ ಕೆಸರು ಮಾತ್ರ ನೆಲದ ಮೇಲೆ ಹರಿಯುತ್ತಿರುತ್ತದೆ.

ಇನ್ನು ಕುಂಕುಮದ ವಿಷಯ. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ದರ್ಭೆಯ ಗೊಂಬೆ ಮಾಡಿ ಸಂಸ್ಕಾರ ಮಾಡಬೇಕೆಂಬ ವಿಧಿ ನಿಮಗೆ ಗೊತ್ತು. ನಿಮ್ಮ ತಮ್ಮ ನರಸಿಂಹ ಕಾಕಾ ಮಹಾಲಯ ಅಮಾವಾಸ್ಯೆಗೆ ದಿನ ಗೊತ್ತು ಮಾಡಿದ್ದಾರೆ. ಅಂದು ಅಮ್ಮನ ಹಣೆ ಬರಿದಾಗುತ್ತದೆ. “ಆಮ್ಯಾಲ ಅಣ್ಣ ಬಂದ್ರ ಮತ್ತ ಹುಟ್ಟಿಬರೋ ಸಂಸ್ಕಾರ ಆಗಬೇಕು, ಅಲ್ಲೀತನಕ ಹೊಸ್ತಿಲಾ ದಾಟೂ ಹಂಗಿಲ್ಲ” ಎಂದೂ ಹೇಳಿದರು. ಅವರ ಕಣ್ಣು ತುಂಬಿತ್ತು, ಅವರನ್ನು ದೂರಲಾರೆ. ನಿಮ್ಮ ಶಾಲೆಯ ಗೋಡೆಗೆ ಹಾಕಲು ಒಂದು ಕಲ್ಲನ್ನೂ ಅವರು ನನಗೇ ವಹಿಸಿದ್ದಾರೆ. ‘ದಿ. ರಘೂತ್ತಮಾಚಾರ್ಯ, ಚಿತ್ರಕಲಾ ಶಿಕ್ಷಕರು’ ಎಂದು ಆಗಬೇಕು. ಹೆಸರನ್ನು ಕಡೆದಾಗಿದೆ. ಅದಕ್ಕೂ ಮೊದಲು ‘ದಿ.’ ಬರಬೇಕಾದ ಕಡೆ ಮೂರು ಬೆರಳಗಲ ಖಾಲಿ ಬಿಟ್ಟಿದ್ದೇನೆ. “ಒಂದ ಅಕ್ಷರಕ್ಕ ಇಷ್ಟ ಯಾಕ ತಡಾ?” ಎಂದು ಕಾಕಾ ಎರಡು ಸಲ ಕೇಳಿದರು. ಯಂತ್ರಕ್ಕೆ ಅದು ಅರ್ಧ ನಿಮಿಷದ ಕೆಲಸ. ಮೂರು ದಿನ ಅದರ ಮುಂದೆ ನಿಂತೆ, ಗುಂಡಿ ಒತ್ತಲಾಗಲಿಲ್ಲ.

ಒಂದು ಮಾತು ಉಳಿದಿದೆ. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಹೊಸ ಕೋಣೆಯ ಬಾಗಿಲಿಗೆ ನೀವು ‘ಪ್ರದಾನ ಗುರುಗಳು’ ಎಂದು ಬರೆದಿರಿ. ಉದ್ಘಾಟನೆಗೆ ಬಂದ ಅತಿಥಿಗಳೆಲ್ಲ ನೋಡುತ್ತಿರುವಾಗ ನಾನು ಕೂಗಿದೆ: “ಅಪ್ಪಾ, ಧಾದ ಹೊಟ್ಟಿ ಸೀಳಿಲ್ಲ!” ಜನ ನಕ್ಕರು. “ಮಾಸ್ತರಿಗೇ ಮಾಸ್ತರಾದ್ಲಪ್ಪ ಮಗಳು” ಎಂದು ಯಾರೋ ಅಂದರು. ನೀವೂ ನಕ್ಕು, ಸಣ್ಣ ಕುಂಚ ತೆಗೆದುಕೊಂಡು ಸೀಳಿದಿರಿ. ಆ ಗೆರೆ ಕೂದಲೆಳೆಯಷ್ಟು ಅಕ್ಷರದ ಅಂಚು ದಾಟಿದ್ದನ್ನು ನಾನೊಬ್ಬಳೇ ನೋಡಿದೆ, ಯಾಕೆಂದರೆ ನಾನು ಎಲ್ಲರಿಗಿಂತ ಮುಂದೆ ನಿಂತಿದ್ದೆ. ಮರುದಿನ “ವಾಡಿಗಿ ಹೋಗಿ ಬಣ್ಣ ತರ್ತೀನಿ” ಎಂದು ಹೊರಟವರು ನೀವು. ಕಾರಣ ಬೇರೆಯೇ ಇದ್ದಿರಬಹುದು. ಅಮ್ಮ ಒಮ್ಮೆಯೂ ನನ್ನತ್ತ ಬೆರಳು ತೋರಿಸಿಲ್ಲ. ಆದರೆ ಎಲ್ಲ ಪರೀಕ್ಷೆಗಳಲ್ಲೂ ಮೊದಲು ಬಂದ ನನಗೆ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಮಳೆಗಾಲದ ಗಾಳಿ ಕೆಟ್ಟದ್ದು, ಎದೆ ಮುಚ್ಚಿಕೊಂಡು ಮಲಗಿರಿ. ಅಮ್ಮನ ನಮಸ್ಕಾರಗಳನ್ನು ಅವಳನ್ನು ಕೇಳದೆಯೇ ಸೇರಿಸಿದ್ದೇನೆ. ನನಗೆ ಆಶೀರ್ವಾದವಿರಲಿ.

ನಿಮ್ಮ ಮಗಳು,
ಪದ್ಮಜಾ

ತಾ.ಕ.: ಯಂತ್ರದ ಹೊಸ ಮೊನೆಯ ಪಾರ್ಸಲ್ ತರಲು ಗುರುವಾರ ವಾಡಿ ಸ್ಟೇಷನ್ನಿಗೆ ಹೋಗಿದ್ದೆ. ಹೊರಗೆ ಹಣಮಮ್ಮ ಎಂಬವಳ ಚಹಾದಂಗಡಿ. ಮಗನ ಹೆಸರಿನಲ್ಲಿ ತಗಡಿನ ಹೊಸ ಬೋರ್ಡು: ‘ಮಾದವ ಟೀ ಸ್ಟಾಲ್’. ‘ವ’ದ ಕೊರಳು, ಎಡಗಡೆಯ ಕಪ್ಪು ನೆರಳು. ಹೊಟ್ಟೆ ಸೀಳಿಲ್ಲ. ನನ್ನ ಯಂತ್ರಕ್ಕೆ ಆ ತಪ್ಪು ಮಾಡಲು ಬರುವುದಿಲ್ಲ ಅಪ್ಪಾ. ಮುಟ್ಟಿದೆ, ನೀಲಿ ಬಣ್ಣ ಬೆರಳಿಗೆ ಹತ್ತಿತು. “ಯಾರೋ ಮುದುಕ್ರು ಬರದ್ರವ್ವ, ಕೆಮ್ಮತಿರ್ತಾರ. ಹೆಸರ ಹೇಳಂಗಿಲ್ಲ. ಚಹಾಕ್ಕ ಬರ್ತಿರ್ತಾರ” ಎಂದಳು. ಈ ಪತ್ರವನ್ನು ಅವಳ ಕೈಯಲ್ಲೇ ಕೊಡುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಮ್ಮನನ್ನು ಇನ್ನೊಂದು ಬೋರ್ಡಿನ ಕೆಳಗೆ ಕೂರಿಸಲಾರೆ. ಅಮಾವಾಸ್ಯೆಗೆ ಹತ್ತೊಂಬತ್ತು ದಿನಗಳಿವೆ. ಬರುವ ಮನಸ್ಸಿಲ್ಲದಿದ್ದರೆ ಈ ಪತ್ರದ ಹಿಂದೆ ‘ಪ್ರದಾನ’ ಎಂದಷ್ಟೇ ಬರೆದು ಹಣಮಮ್ಮನಿಗೆ ಕೊಡಿರಿ, ಅಮ್ಮನ ಹಣೆಯ ಕುಂಕುಮ ಉಳಿಯಲು ಅಷ್ಟು ಸಾಕು. ಹೊಟ್ಟೆ ಸೀಳಬೇಡಿರಿ. ನಾನು ತಿದ್ದುವುದಿಲ್ಲ.