ಎಡಗಡೆ ಒಂದು ಗೇಣು

ಫೆಬ್ರವರಿ 9, ಭಾನುವಾರ

ಗಾಡಿಗೆ ಎತ್ತರದ ಸ್ಪ್ರಿಂಗ್ ಕೂರಿಸಿದ್ದಾಯ್ತು. ನಾಲ್ಕೂ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಮೂರು ಗಂಟೆ ತನಕ ಊಟಕ್ಕೂ ಕೈ ತೊಳೀಲಿಲ್ಲ. ಭಾನುವಾರ ಭಾವನ ಗ್ಯಾರೇಜು ನಮ್ಮದೇ — ಶಟರ್ ಅರ್ಧ ಎಳ್ಕೊಂಡು ಮೂರೇ ಜನ. ಭಾವ, ಇವಳು, ನಾನು. ಭಾವ ಅಂದ್ರೆ ಇವಳ ಅಣ್ಣ. ಅವನೂ ನನ್ನನ್ನ ಭಾವ ಅಂತಾನೆ. "ಭಾವಾ, ಸ್ಪ್ಯಾನರ್" ಅಂತ ಇವಳೇನಾದ್ರೂ ಅಣಕಿಸಿದ್ರೆ ಇಬ್ರೂ ಕೈ ಚಾಚ್ತೀವಿ.

ಡಬ್ಬಿ ಈಗ ಎರಡೂವರೆ ಇಂಚು ಎತ್ತರ. ಬಂಡೆ ಹತ್ತಿಸೋ ಪಂದ್ಯಕ್ಕೆ ಅಂತ ಇಟ್ಕೊಂಡಿರೋ, ಹದಿನೆಂಟು ವರ್ಷದ ಹಳೇ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ, ಪಕ್ಕದಿಂದ ನೋಡಿದ್ರೆ ಬಿಸ್ಕತ್ತಿನ ಡಬ್ಬಿ, ಅದಕ್ಕೇ ಆ ಹೆಸರು. ಇವಳು ಹತ್ತಿ ಕೂತು ಸ್ಟೇರಿಂಗ್ ಹಿಡಿದು ನಕ್ಕಳು. "ಬಾನೆಟ್ ಮುಂದೆ ಆಕಾಶ ಬಿಟ್ರೆ ಏನೂ ಕಾಣ್ಸಲ್ಲ ರೀ." ಭಾವ, "ಮೊದ್ಲೇ ಕುಳ್ಳಿ, ದಿಂಬು ಹಾಕ್ಕೋ" ಅಂದ. "ದಿಂಬು ಯಾಕೆ, ದಾರಿ ತೋರ್ಸೋಕೆ ಮುಂದೆ ಇವರಿರ್ತಾರಲ್ಲ."

 ಇವತ್ತು ಸ್ಪ್ಯಾನರನ್ನ ನಟ್ ಮೇಲೆ ಇಟ್ಟೆ ಅಂದ್ಕೊಂಡು ಗಾಳಿಗೆ ಇಟ್ಟೆ. ಅರ್ಧ ಇಂಚು ಈಚೆಗೆ. ಮೂರು ಸಲ. ಯಾರೂ ನೋಡ್ಲಿಲ್ಲ.

ಫೆಬ್ರವರಿ 11, ಮಂಗಳವಾರ

ವರ್ಕ್‌ಶಾಪಲ್ಲಿ ಟೂಲ್ ಮುರೀತು. ಇನ್ನೂ ದೂರ ಇದೆ ಅಂದ್ಕೊಂಡು ಹ್ಯಾಂಡಲ್ ತಿರುಗಿಸ್ದೆ, ಸೀದಾ ಹೋಗಿ ತಿರುಗ್ತಿದ್ದ ಕಬ್ಬಿಣಕ್ಕೆ ಕಚ್ತು. ಮೂವತ್ತೊಂದು ವರ್ಷದಿಂದ ಲೇತ್ ಮುಂದೆ ನಿಂತಿದೀನಿ, ಕಲಿಯೋರು ಮಾಡೋ ತಪ್ಪು ಇದು. ಸೂಪರ್‌ವೈಸರ್ ಬಂದು, "ಏನ್ ಯಜಮಾನ್ರೇ, ಯಾರ ಕನಸು ಕಾಣ್ತಿದೀರಿ?" ಅಂದ. ಎಲ್ರೂ ನಕ್ರು, ನಾನೂ ನಕ್ಕೆ.

ಆಮೇಲೆ ಟೀ. ಗ್ಲಾಸಿನ ಪಕ್ಕಕ್ಕೆ ಸುರಿದೆ.

ಬಾತ್‌ರೂಮಿಗೆ ಹೋಗಿ ಬಲಗಣ್ಣು ಮುಚ್ಚಿ ನೋಡ್ದೆ. ಎಡಗಣ್ಣಲ್ಲಿ ಕನ್ನಡಿಯ ಮೇಲಿನ ತುದಿ ಇದೆ. ನನ್ನ ಹಣೆ ಇದೆ. ಉಳಿದ ಮುಖ ಇಲ್ಲ. ಯಾವಾಗಿಂದ?

ಫೆಬ್ರವರಿ 13, ಗುರುವಾರ

ಅರ್ಧ ದಿನ ರಜೆ. ಇವಳಿಗೆ ಓವರ್‌ಟೈಮ್ ಅಂತ ಹೇಳ್ದೆ.

ಕಣ್ಣಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನೋರು. ಯಂತ್ರದಲ್ಲಿ ಗದ್ದ ಇಡಿಸಿ ತುಂಬ ಹೊತ್ತು ನೋಡಿದ್ರು.   "ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ಎಡಗಣ್ಣಿನ ನರ ಬಹಳ ಮಟ್ಟಿಗೆ ಹೋಗಿದೆ. ಹೋದದ್ದು ವಾಪಸ್ ಬರಲ್ಲ. ಬಲಗಣ್ಣು ಉಳಿಸ್ಕೊಳ್ಳೋಣ" ಅಂದ್ರು. ಪೆನ್ನು ನೆಟ್ಟಗೆ ಹಿಡಿದು, ಅದರ ತಲೆ ಮೇಲೆ ಬೆರಳಿಡಿ ಅಂದ್ರು. ಇಟ್ಟೆ. ಪೆನ್ನು ಅಲ್ಲಿರ್ಲಿಲ್ಲ.

"ದೂರ-ಹತ್ತಿರದ ಅಂದಾಜು ತಪ್ಪತ್ತೆ. ಮೆಟ್ಟಿಲಿಳಿಯೋವಾಗ, ಮೆಷಿನ್ ಹತ್ರ ಹುಷಾರು. ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ."

ಆಯ್ತಮ್ಮ ಅಂದೆ. ಡ್ರಾಪ್ಸ್ ಬಾಟ್ಲಿ ಟೂಲ್ ಡ್ರಾಯರಲ್ಲಿ, ಎಮರಿ ಪೇಪರ್ ಕೆಳಗೆ ಬಚ್ಚಿಟ್ಟೆ. ಭಯ ಆಗ್ತಿದೆ. ಇನ್ನೇನು ಬರೀಲಿ.

ಫೆಬ್ರವರಿ 16, ಭಾನುವಾರ

ಅಗಲದ ಟೈರು ಬಂತು. ಎರಡೂ ಕಡೆ ಒಂದೊಂದು ಗೇಣು ಹೊರಗೆ ಚಾಚ್ಕೊಂಡಿದೆ. ಮುಂದಿನ ಬಂಪರಿಗೆ ವಿಂಚ್ ಬೇರೆ ಕೂತಿದೆ, ಸಿಕ್ಕಿಕೊಂಡ ಗಾಡಿ ಎಳೆಯೋ ಹಗ್ಗದ ರಾಟೆ. ಒಂದೊಂದು ಸಾಮಾನು ಹಾಕಿದ ಹಾಗೆಲ್ಲ ಡಬ್ಬಿಗೆ ತಾಕತ್ತು ಬರತ್ತೆ, ಒಳಗೆ ಕೂತೋಳಿಗೆ ನೆಲ ಕಾಣೋದು ಕಮ್ಮಿಯಾಗತ್ತೆ. ಇವೆಲ್ಲ ಕೂರಿಸ್ತಿರೋ ಕೈ ನಂದೇ. ಎಂಥ ತಮಾಷೆ.

ಬಂಡೆ ಮೇಲೆ ನನ್ನ ಕೆಲಸ ಒಂದೇ. ಗಾಡಿಗೆ ಮುಖ ಮಾಡಿ ಹಿಮ್ಮುಖವಾಗಿ ನಡೀತಾ ಕೈಯಲ್ಲಿ ದಾರಿ ತೋರ್ಸೋದು. ಬೆರಳು ಅವಳ ಎಡಕ್ಕಂದ್ರೆ ಎಡಕ್ಕೆ. ಮುಷ್ಟಿ ಅಂದ್ರೆ ನಿಲ್ಲು. ಓಡಿಸೋರು ನೆಲ ನೋಡಂಗಿಲ್ಲ, ಕೈ ಮಾತ್ರ ನೋಡ್ಬೇಕು. ನೆಲ ನೋಡೋಕೆ ಹೋದೋರು ಹೆದರ್ತಾರೆ, ಹೆದರಿದೋರು ಬ್ರೇಕ್ ಒತ್ತಿ ಜಾರ್ತಾರೆ. ಹನ್ನೆರಡು ವರ್ಷದಿಂದ ಇವಳು ನನ್ನ ಕೈ ಬಿಟ್ಟು ಬೇರೆ ಕೈ ನೋಡಿಲ್ಲ.

ಮಾರ್ಚ್ 16ಕ್ಕೆ ನಮ್ಮ ಗಾಡಿ ಕ್ಲಬ್ಬಿನ ಪಂದ್ಯ, ಮೆಟ್ಟಿಲುಬಂಡೆ ಮೇಲೆ. ಹೋದ ವರ್ಷ ಅರ್ಧದಲ್ಲಿ ಬಂಪರ್ ತಗಲಿ ವಾಪಸ್ ಬಂದ್ವಿ. ಮೈಕ್ ಹಿಡಿದೋನು, "ಅಮ್ಮಾವ್ರೇ, ಅಡುಗೆಮನೆ ದಾರಿ ಆ ಕಡೆ" ಅಂದಿದ್ದ. ಹದಿನೈದು ವರ್ಷದಿಂದ ಡ್ರೈವಿಂಗ್ ಸ್ಕೂಲಲ್ಲಿ ಊರಿಗೆಲ್ಲ ಗಾಡಿ ಕಲಿಸಿದೋಳಿಗೆ. ಇವಳು ಆವತ್ತು ಸುಮ್ನೆ ನಕ್ಕಿದ್ಳು. ಎತ್ತರದ ಸ್ಪ್ರಿಂಗು, ಟೈರು, ವಿಂಚು, ಎಲ್ಲ ಆ ಒಂದು ಮಾತಿಗೆ.

ಹೇಳ್ಬಿಡಬಹುದು. ಯಾಕೆ ಹೇಳಲ್ಲ ಅಂದ್ರೆ — ವರ್ಷವಿಡೀ ನಾನು ಇವಳ ಮಾತು ಕೇಳ್ತೀನಿ, ಸೊಪ್ಪಿನಿಂದ ಹಿಡಿದು ಬನಿಯನ್ ತನಕ. ಬಂಡೆ ಮೇಲೆ ಹತ್ತು ನಿಮಿಷ ಇವಳು ನನ್ನ ಮಾತು ಕೇಳ್ತಾಳೆ. ಆ ಹತ್ತು ನಿಮಿಷ ಬಿಟ್ಟುಕೊಡೋಕೆ ಮನಸ್ಸಿಲ್ಲ. ಬರೆಯೋಕೆ ನಾಚಿಕೆಯಾಗತ್ತೆ, ಆದ್ರೂ ಅದೇ ನಿಜ.

ಫೆಬ್ರವರಿ 23, ಭಾನುವಾರ, ಸಂಜೆ 5

ಬಳಕೆ ನಿಂತ ಕಲ್ಲು ಕ್ವಾರಿ. ಪ್ರಾಕ್ಟೀಸ್. 

ಕಲ್ಲಿನ ಕಟ್ಟೆ ಮೇಲೆ ಬರ್ತಿದ್ಳು. ಎಡಗಡೆ ಟೈರಿಗೂ ಅಂಚಿಗೂ ನಡುವೆ ಇನ್ನೂ ಒಂದು ಗೇಣು ಜಾಗ ಕಾಣ್ತು ನಂಗೆ. ಎಡಕ್ಕೆ ಬೆರಳು ಮಾಡ್ದೆ. ಇವಳು ಒಂದು ಕ್ಷಣ ಕೂಡ ಯೋಚಿಸ್ಲಿಲ್ಲ, ತಿರುಗಿಸಿದ್ಳು. ಗೇಣು ಇರ್ಲಿಲ್ಲ. ಬೆರಳಷ್ಟೂ ಇರ್ಲಿಲ್ಲ. ಡಬ್ಬಿ ಧಡ್ಡಂತ ವಾಲ್ತು, ಬಲಗಡೆ ಎರಡೂ ಚಕ್ರ ಮೇಲೆ. ಕೆಳಗೆ ಜಲ್ಲಿ ಗುಡ್ಡೆ ಇತ್ತು, ಅದಕ್ಕೆ ಒರಗಿ ನಿಂತಿತು. ಅದಿಲ್ದಿದ್ರೆ...

ಬೆಲ್ಟಲ್ಲಿ ನೇತಾಡ್ತಾ ಇಂಜಿನ್ ಆಫ್ ಮಾಡಿದ್ಳು. ಭಾವ ಎಳೆದು ಇಳಿಸಿದ. ತುಟಿ ಒಡೆದು ರಕ್ತ. ಇಳಿದೋಳು ಮೊದ್ಲು ಹೇಳಿದ ಮಾತು, "ನನ್ನದೇ ತಪ್ಪು ಕಣಣ್ಣ. ಕ್ಲಚ್ ಮೇಲಿಂದ ಕಾಲು ಜಾರ್ತು."

ಜಾರಿರ್ಲಿಲ್ಲ. ನಾನು ಎದುರಿಗೇ ನಿಂತಿದ್ದೆ.  "ಆಗತ್ತೆ ಬಿಡು" ಅಂದೆ. ಥೂ.

ಫೆಬ್ರವರಿ 26, ಬುಧವಾರ

ಹೊಸ ಶೂ ತಂದಿದಾಳೆ. ತೆಳು ಅಟ್ಟೆಯದು. ಪೆಡಲ್ ಕಾಲಿಗೆ ಸರಿಯಾಗಿ ಗೊತ್ತಾಗ್ಲಿ ಅಂತ.

ಮಾರ್ಚ್ 1, ಶನಿವಾರ

ಬಂಪರ್ ಕೆಳಗೆ ಕ್ಯಾಮರಾ, ಸ್ಟೇರಿಂಗ್ ಪಕ್ಕ ಪುಟ್ಟ ಸ್ಕ್ರೀನ್. ಗುರುವಾರವೇ ಭಾವನ ಹತ್ರ ಹಾಕಿಸ್ದೆ. ಟೈರು, ಅಂಚು ಎರಡೂ ಕಾಣತ್ತೆ. ಒಳ್ಳೇ ಉಪಾಯ ಅಂತ ಎರಡು ದಿನ ನೆಮ್ಮದಿಯಾಗಿ ಉಂಡೆ.

ಇವತ್ತು ಇವಳು ನೋಡಿದ್ಳು. ಗಾಡಿ ಒರೆಸೋ ಬಟ್ಟೆ ತಗೊಂಡು ಸ್ಕ್ರೀನ್ ಮೇಲೆ ಹಾಕಿದ್ಳು. "ಟಿವಿ ನೋಡ್ಕೊಂಡು ಬಂಡೆ ಹತ್ತೋರು ಹತ್ಲಿ. ನಂಗೆ ಬೇಡ."

"ಇರ್ಲಿ ಬಿಡೇ, ಒಂದು ಸಹಾಯ."

ಬಟ್ಟೆಯ ತುದಿ ಸಿಗಿಸಿ ನನ್ನ ಕಡೆ ತಿರುಗಿದ್ಳು. ಆಮೇಲೆ ಮೆಲ್ಲಗೆ, "ಕ್ವಾರಿ ಆದ್ಮೇಲೆ ನಿಮಗೆ ನನ್ನ ಮೇಲೆ ನಂಬಿಕೆ ಹೋಯ್ತು ಅಲ್ವಾ?"

ಅಲ್ಲ ಕಣೇ ಅಂದೆ. ಅಷ್ಟೇ ಅಂದೆ.

ಮಾರ್ಚ್ 8, ಶನಿವಾರ

ಇವಳ ಸ್ಕೂಲಿನ ಕಾರು ಇವತ್ತು ಸಿಗ್ನಲ್ಲಿನಲ್ಲಿ ನಿಂತೇಹೋಯ್ತಂತೆ. ಓಡಿಸ್ತಿದ್ದೋಳು ಇವಳೇ. ಪಕ್ಕ ಕೂತ ಕಲಿಯೋ ಹುಡುಗಿ, "ಮೇಡಂ, ಕ್ಲಚ್ಚು" ಅಂದ್ಳಂತೆ. ನಗ್ತಾ ಹೇಳೋಕೆ ಶುರು ಮಾಡಿದ್ಳು, ನಗು ಅರ್ಧಕ್ಕೆ ನಿಂತಿತು. "ನಂಗೆ ವಯಸ್ಸಾಯ್ತಾ ರೀ? ಕಾಲು ನಾನು ಹೇಳಿದ್ದು ಕೇಳ್ತಿಲ್ಲ ಅನ್ಸತ್ತೆ. ಡಾಕ್ಟರಿಗೆ ತೋರಿಸ್ಲಾ?"

ಅವಳ ಕಾಲಿಗೆ ಡಾಕ್ಟರು.

ಬಾಯಿ ತನಕ ಬಂತು. ಅಷ್ಟರಲ್ಲಿ ಕುಕ್ಕರ್ ಕೂಗ್ತು, ಎದ್ದು ಹೋದ್ಳು. ಕುಕ್ಕರ್ ನೆಪ. ವಾಪಸ್ ಬಂದು ಕೂತ್ಳಲ್ಲ, ಆಗ ಹೇಳಬಹುದಿತ್ತು. ಹೇಡಿ ಅಂದ್ರೆ ನಾನೇ, ಬೇರೆ ಯಾರನ್ನೂ ಹುಡುಕೋದು ಬೇಡ.

ಮಾರ್ಚ್ 15, ಶನಿವಾರ, ಮಧ್ಯಾಹ್ನ 2

ಟೆಂಟ್ ಹಾಕಿದ್ದಾಯ್ತು. ಮೂವತ್ತು ಗಾಡಿ ಬಂದಿವೆ. ಬೆಳಿಗ್ಗೆ ಎಲ್ರೂ ಮೆಟ್ಟಿಲುಬಂಡೆ ಮೇಲೆ ನಡೆದು ದಾರಿ ನೋಡಿದ್ವಿ.

ಕೆಳಗಿಂದ ನಾಲ್ಕು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಮೂರನೇದರ ಬಲಗಡೆ ಏನೂ ಇಲ್ಲ. ಎರಡಾಳು ಆಳ, ಕೆಳಗೆ ಬರೀ ಕಲ್ಲು. ಈ ಸಲ ಜಲ್ಲಿ ಗುಡ್ಡೆ ಇಲ್ಲ. ಮೊಣಕಾಲೂರಿ ಬಗ್ಗಿ ಅಂಚು ಮುಟ್ಟಿ ನೋಡ್ದೆ, ಕಣ್ಣನ್ನ ನಂಬ್ಲಿಲ್ಲ. 

ಇವಳು ಬಂಡೆ ಮೇಲೆ ನಿಂತು ಹೆಜ್ಜೆ ಎಣಿಸ್ತಿದ್ಳು. "ಮೂರನೇದರಲ್ಲಿ ನಾನು ನಿಮ್ಮ ಕೈ ಬಿಟ್ಟು ಏನೂ ನೋಡಲ್ಲ ರೀ. ಈ ಸಲ ನನ್ನ ಕಾಲು ಜಾರಕ್ಕೆ ಬಿಡಲ್ಲ."

 ನಾಳೆ ಬೆಳಿಗ್ಗೆ ಹೇಳ್ತೀನಿ. ಹೇಳ್ದೇ ಆ ಬಂಡೆ ಮುಂದೆ ನಿಂತ್ರೆ ನಾನು ಮನುಷ್ಯನೇ ಅಲ್ಲ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 7.20

ಹೇಳ್ದೆ.

ಬಂಡೆ ಮೇಲೆ ಹಿಡಿತ ಸಿಗ್ಲಿ ಅಂತ ಟೈರಿನ ಗಾಳಿ ಇಳಿಸ್ತಾ ಕೂತಿದ್ಳು. ಪಕ್ಕ ಕೂತು ಒಂದೇ ಉಸಿರಿಗೆ ಹೇಳ್ದೆ. ಎಡಗಣ್ಣು, ಡಾಕ್ಟರಮ್ಮ, ಡ್ರಾಪ್ಸು. ಗಾಳಿ ಸುಯ್ಯಂತ ಹೋಗ್ತಾನೇ ಇತ್ತು. ನನ್ನ ಬಲಗಣ್ಣಿಗೆ ಕೈ ಅಡ್ಡ ಹಿಡಿದು, "ಇದು ಕಾಣತ್ತಾ? ಇದು?" ಅಂತ ಕೇಳಿದ್ಳು. ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದ್ಳು. "ಒಬ್ರೇ ಹೋಗಿದ್ರಾ ಆಸ್ಪತ್ರೆಗೆ?" ಅಂದ್ಳು. ಅವಳ ಕಣ್ಣಿಂದ ನೀರಿಳೀತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸ್ಲಿಲ್ಲ. "ಕ್ವಾರೀಲಿ ನಿನ್ನ ಕಾಲು ಜಾರಿರ್ಲಿಲ್ಲ. ನಾನೇ ಎಡಕ್ಕೆ ತೋರಿಸ್ದೆ" ಅಂದೆ.

ಗಲ್ಲದಿಂದ ಕೈ ತೆಗೆದ್ಳು.

"ಇಪ್ಪತ್ತೊಂದು ದಿನ" ಅಂದ್ಳು. "ಇಪ್ಪತ್ತೊಂದು ದಿನ ನನ್ನ ಕಾಲನ್ನ ನಾನು ಬೈಕೊಂಡು ಓಡಾಡಿದೀನಿ. ಶೂ ತಂದೆ. ನೀವು ನೋಡ್ಕೊಂಡು ಅನ್ನ ಉಂಡ್ರಿ." ಜೋರಾಗಿ ಹೇಳಿದ್ರೆ ಚೆನ್ನಾಗಿತ್ತು. ಕಣ್ಣಿನ ವಿಷಯಕ್ಕೆ ಬೇಜಾರಿಲ್ಲ ಇವಳಿಗೆ. ಅದಕ್ಕೆ ಅತ್ತಳು. ಇದಕ್ಕೆ ಅಳಲಿಲ್ಲ.

ಎದ್ದು ಹೋಗಿ, "ಅಣ್ಣಾ, ಮುಂದೆ ನೀನು ನಿಂತ್ಕೋ" ಅಂದ್ಳು. ಭಾವ ನನ್ನ ಕಡೆ ನೋಡಿದ. ನಾನು ನೆಲ ನೋಡ್ದೆ.

10.40

ಟೆಂಟಿನ ಹಿಂದೆ ಟೂಲ್ ಬಾಕ್ಸ್ ಮೇಲೆ ಕೂತಿದೀನಿ. ಇಲ್ಲಿಂದ ಬಂಡೆ ಕಾಣಲ್ಲ. ಬೇಕಂತಲೇ. ಸದ್ದು ಕೇಳಿಸಿದ ಹಾಗೆ ಬರೀತಿದೀನಿ.

ಡಬ್ಬಿ ನಂಬರ್ ಕರೆದ್ರು. ಮೈಕ್‌ನವನು ಹೋದ ವರ್ಷದವನೇ.

ಇಂಜಿನ್ ಸದ್ದು ಕೇಳ್ತಿದೆ. ಲೋ ಗೇರ್. ಒಂದನೇ ಮೆಟ್ಟಿಲು — ಹತ್ತಿದ್ಳು, ಸ್ಪ್ರಿಂಗ್ ಕೂತ ಸದ್ದು ಬಂತು. ಎರಡನೇದು. ಟೈರು ಕೀರಲು ಕೂಗಿ ಹಿಡ್ಕೊಳ್ತು. ಸಲೀಸು. ಕ್ಲಚ್ ಎಷ್ಟು ನಯವಾಗಿ ಬಿಡ್ತಿದಾಳೆ, ಆ ಕಾಲಿಗೆ ನಾನು...

ಮೂರನೇದು. ಭಾವ ಕೂಗ್ತಿದಾನೆ, ನಿಲ್ಲು ನಿಲ್ಲು. ಜನ ಹೋ ಅಂದ್ರು. ಆಮೇಲೆ ಸದ್ದೇ ಇಲ್ಲ. ಮೈಕ್‌ನವನೂ ಸುಮ್ಮನಾದ. ಇಂಜಿನ್ ಮಾತ್ರ ಇದೆ. ಓಡ್ತಾ ಇದೆ. ಬಿದ್ದಿಲ್ಲ. ಬಿದ್ದಿದ್ರೆ ಸದ್ದು ಬರ್ತಿತ್ತು. ದೇವರೇ, ಬಿದ್ದಿಲ್ಲ.

ಎದ್ದು ನೋಡೋಕೆ ಧೈರ್ಯ ಇಲ್ಲ.

ಕ್ಲಬ್ ಸೆಕ್ರೆಟರಿ ಓಡಿಬಂದ್ರು. ಎದುರಿಗೇ ನಿಂತಿದಾರೆ, ಏದುಸಿರು. ಡಬ್ಬಿ ಬಲಕ್ಕೆ ವಾಲಿ ನಿಂತಿದೆಯಂತೆ, ಎಡಗಡೆ ಹಿಂದಿನ ಚಕ್ರ ನೆಲ ಬಿಟ್ಟಿದೆಯಂತೆ. ವಿಂಚ್ ಹಗ್ಗ ಮೇಲಿನ ಬಂಡೆಗೆ ಕಟ್ಟಿದಾರೆ, ಹಗ್ಗ ಜಾರದ ಹಾಗೆ ಹಿಡಿದಿದೆ, ಆದ್ರೂ ಎಡಗಡೆ ಸೀಟಿಗೆ ಒಬ್ಬರು ಭಾರಕ್ಕೆ ಕೂರ್ಬೇಕಂತೆ. ಆಗ ಚಕ್ರ ಕೂರತ್ತೆ. ಮೂರು ಜನ ನಾನು ಬರ್ತೀನಿ ಅಂದ್ರಂತೆ. ಇವಳು ಬೇಡ ಅಂದ್ಳಂತೆ. "ನಮ್ಮನೆಯವರನ್ನ ಕಳ್ಸಿ. ಕಣ್ಣಿಲ್ದಿದ್ರೆ ಇಲ್ಲ ಬಿಡಿ, ತೂಕ ಇದ್ಯಲ್ಲ."

ಹನ್ನೆರಡು ವರ್ಷದಲ್ಲಿ ಬಂಡೆ ಮೇಲೆ ಒಂದು ದಿನವೂ ನಾನು ಒಳಗೆ ಕೂತಿಲ್ಲ. ಹೊರಗೆ ನಿಂತು, ಬಾ, ಬಾ, ಏನಾಗಲ್ಲ ಅಂದಿದೀನಿ. ಅವಳು ಬಂದಿದಾಳೆ.

ಸೆಕ್ರೆಟರಿ ಕೈ ಹಿಡಿದು ಎಳೀತಿದಾರೆ. ಏಳ್ತೀನಿ ಸ್ವಾಮಿ, ಒಂದು ನಿಮಿಷ.  ಒಳಗೆ ಕೂತು ಕಣ್ಣು ಮುಚ್ಕೊಂಡ್ರೆ ಬೈತಾಳೇನೋ. ಬೈಲಿ. ಬೈದ್ರೆ ಸಾಕು, ಅವಳ ಬಾಯಲ್ಲಿ ಒಂದು ಮಾತು ಬರ್ಲಿ. ಹೊರಟೆ.