ಸೊಸೆಯ ನಾಲ್ಕು ಸೆಕೆಂಡು

ಮನೆ, ಮೂರನೇ ಮಹಡಿ
ಮಾರ್ಚ್ ಹನ್ನೊಂದು, ಮಂಗಳವಾರ ಸಂಜೆ

ಪ್ರೀತಿಯ ಮಗನೇ, ದೂರದ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನ ದೊರೆಯೇ,

ಹೇಗಿದ್ದೀಯಪ್ಪಾ? ಲಿವರ್ ಎಳೆದೂ ಎಳೆದೂ ಹಿಡಿದುಕೊಂಡಿದ್ದ ಬಲಭುಜ ಸಡಿಲವಾಯಿತೇ? ಸೊಸೆ ಕಳಿಸಿದ ಶಾಲು ನೀನು ಹೊದೆಯುತ್ತಿದ್ದೀಯೋ, ಇಲ್ಲಾ ಕುರ್ಚಿಯ ಬೆನ್ನಿಗೆ ಹೊದಿಸಿ ಕುರ್ಚಿಯನ್ನು ಬೆಚ್ಚಗಿಟ್ಟಿದ್ದೀಯೋ? ನಾನಂತೂ ಗಟ್ಟಿಯಾಗಿದ್ದೇನೆ. ಹೊಸ ಹಲ್ಲಿನ ಸೆಟ್ಟು ಬಂದ ಮೇಲೆ ನನ್ನ ಹಳೆಯ ಕಂಠ ವಾಪಸ್ಸು ಬಂದಿದೆ. ಮೊನ್ನೆ ಬಚ್ಚಲಿನಲ್ಲಿ ಸೇನಾಪತಿಯ ಮಾತು ಎರಡು ಸಾಲು ಎತ್ತಿದೆನೋ ಇಲ್ಲವೋ, ಕೆಳಮನೆಯ ದರ್ಜಿ ಸೂಜಿ ಸಮೇತ ಓಡಿ ಬಂದು 'ಯಜಮಾನ್ರೇ, ಯಾರಿಗೇನಾಯ್ತು?' ಎಂದು ಬಾಗಿಲು ಬಡಿದ. ಮೂವತ್ತು ವರ್ಷ ರಂಗದ ಮೇಲೆ ಕೂಗಿದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೇ! ಆ ಹಲ್ಲಿನ ಅಚ್ಚನ್ನು ದಂತವೈದ್ಯರ ಬಳಿಯಿಂದ ಹಲ್ಲು ಕಟ್ಟುವ ಲ್ಯಾಬಿಗೆ ಒಯ್ದವಳೂ, ಕಟ್ಟಿದ ಹಲ್ಲನ್ನು ಹಿಂದಕ್ಕೆ ತಂದವಳೂ ನಿನ್ನ ಹೆಂಡತಿಯೇ. ದಿನಕ್ಕೆ ಮೂವತ್ತು ಬಾಯಿಗಳ ಅಚ್ಚು, ಎಲ್ಲವೂ ಅವಳ ಸೈಕಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ. ಈ ಊರಿನ ಅರ್ಧ ಜನ ಬಾಯಿಬಿಟ್ಟು ನಗುತ್ತಿದ್ದರೆ ಅದು ಅವಳು ಪೆಡಲ್ ತುಳಿದ ಪುಣ್ಯ.

ಈಗ ಸಮಾಚಾರ. ಅದಕ್ಕೂ ಮೊದಲು ತಪ್ಪೊಪ್ಪಿಗೆ. ಹೋದ ತಿಂಗಳ ನನ್ನ ಪತ್ರ ನೆನಪಿದೆಯಷ್ಟೇ? ಸಿಮೆಂಟ್ ಗೋದಾಮಿನ ಪಕ್ಕದ ನಾಲ್ಕುರಸ್ತೆಯಲ್ಲಿ ಸೊಸೆ ಕೆಂಪು ದೀಪವಿರುವಾಗಲೇ ಮುಂದೆ ಹೋದದ್ದನ್ನು ಬಸ್ಸಿನ ಕಿಟಕಿಯಿಂದ ಕಂಡು ನಾಲ್ಕು ಪುಟ ಗುಡುಗಿದ್ದೆ. ಬಣ್ಣ ಒರೆಸಿ ಹೇಳುವುದಾದರೆ ಚಾಡಿ ಹೇಳಿದ್ದೆ. ನಿನಗೋ ಕೆಂಪು ದೀಪವೆಂದರೆ ದೇವರು. ಅದನ್ನೊಬ್ಬ ಮೀರಿದರೆ ಎರಡು ರೈಲು ಮುಖಾಮುಖಿ. ನೀನು ಅವಳಿಗೆ ಮೂರೇ ಸಾಲು ಬರೆದೆ: 'ಕೆಂಪು ಎಂದರೆ ಕೆಂಪು. ನಿಲ್ಲುತ್ತೇನೆಂದು ಮಾತು ಕೊಡು. ನನ್ನ ನಿದ್ದೆ ನಿನ್ನ ಕೈಯಲ್ಲಿದೆ.' ಅವಳು ಅದನ್ನು ಒಲೆಯ ಹಿಂದಿನ ಟೈಲಿಗೆ ಅಂಟಿಸಿ, 'ಆಯ್ತು ಮಾವ, ಅವರು ಕೇಳಿದ ಮೇಲೆ ಮುಗೀತು' ಅಂದಳು. ಅಂದೇ ನಿನಗೆ ಮಾತು ಕೊಟ್ಟು ಕಾರ್ಡು ಹಾಕಿದಳು. ನಾನು ಯುದ್ಧ ಗೆದ್ದ ರಾಜನ ಹಾಗೆ ಮೀಸೆ ತಿರುವಿದೆ. ಮೀಸೆಯಿಲ್ಲ, ಆದರೂ ತಿರುವಿದೆ.

ಆ ಚಾಡಿಯಲ್ಲಿ ನಾನು ಬರೆಯದೆ ನುಂಗಿದ್ದು ಇಷ್ಟು. ಅವಳು ನುಗ್ಗಿರಲಿಲ್ಲ, ಕಣೋ. ಗೆರೆಯ ಹಿಂದೆ ನಿಂತು, ಕಾಲು ನೆಲಕ್ಕೂರಿ, ನಾಲ್ಕೂ ದಿಕ್ಕು ನೋಡಿದ್ದಳು. ಆ ನಾಲ್ಕುರಸ್ತೆಯಲ್ಲಿ ನಡೆಯುವವರಿಗೆ ಹಸಿರು ಮೊದಲು ಬರುತ್ತದೆ, ಲಾರಿಗೂ ಸೈಕಲ್ಲಿಗೂ ನಾಲ್ಕು ಸೆಕೆಂಡು ತಡವಾಗಿ. ಅವಳು ನಡೆಯುವವರ ಜೊತೆಗೇ ಹೊರಡುತ್ತಿದ್ದಳು. ಲಾರಿಗಳು ಗುರ್ ಅನ್ನುವ ಹೊತ್ತಿಗೆ ಆಚೆಬದಿಯ ಔಷಧಿ ಅಂಗಡಿ ದಾಟಿರುತ್ತಿದ್ದಳು. ಇನ್ನೊಂದು ಮಾತು: ಶಾಲೆಯ ಗೇಟಿನ ಮುಂದೆ ತನಗೆ ಹಸಿರಿದ್ದರೂ ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತಾಳೆ. ಕಿವಿಗೆ ಹಾಡು ತುರುಕಿಕೊಂಡು ಎದುರುದಿಕ್ಕಿನಲ್ಲಿ ಬರುವ ಪುಂಡರ ಪರ ವಕಾಲತ್ತು ಹಾಕಲು ನಾನು ಕೂತಿಲ್ಲ. ಇವಳ ಕಣ್ಣೇ ಬೇರೆ.

ಹೋದ ಗುರುವಾರ ನನಗೆ ಪತ್ತೇದಾರಿಕೆಯ ಹುಚ್ಚು ಹತ್ತಿತು. ಮಾತು ಉಳಿಸಿಕೊಂಡಿದ್ದಾಳೋ ನೋಡೇಬಿಡೋಣ ಎಂದು ಬೆಳಿಗ್ಗೆ ಒಂಬತ್ತಕ್ಕೆ ಆ ನಾಲ್ಕುರಸ್ತೆಯ ಬಸ್ ನಿಲ್ದಾಣದ ಬೆಂಚಿನಲ್ಲಿ ಪೇಪರನ್ನು ಮುಖಕ್ಕೆ ಮರೆಮಾಡಿ ಕುಳಿತೆ. ಬಂದಳು. ನಿಂತಳು. ನಡೆಯುವವರಿಗೆ ಹಸಿರು ಬಂತು, ಹೋಗಲಿಲ್ಲ. ಕಲ್ಲಿನ ಹಾಗೆ ನಿಂತೇ ಇದ್ದಳು. ಅಷ್ಟರಲ್ಲಿ ಅವಳ ಬಲಕ್ಕೆ ಸಿಮೆಂಟ್ ಲಾರಿಯೊಂದು ಬಂದು ನಿಂತಿತ್ತು. ದೀಪ ಹಸಿರಾಯಿತು. ಅವಳಿಗೂ ಹಸಿರು, ಲಾರಿಗೂ ಹಸಿರು. ಅವಳು ನೇರ ಹೊರಟಳು, ಅದು ಎಡಕ್ಕೆ ತಿರುಗಿತು. ಅಯ್ಯೋ ಮಗನೇ, ಆ ಹಿಂದಿನ ಚಕ್ರ ಮೂಲೆ ಸವರಿಕೊಂಡು ಅವಳ ಮೇಲೇ ಬರುತ್ತಿತ್ತು! ನಾನು ಪೇಪರ್ ಎಸೆದು ಎದ್ದು, ಮೂರು ಸಾವಿರ ಜನರ ಕೊನೇ ಸಾಲಿಗೆ ಮುಟ್ಟಿಸುತ್ತಿದ್ದ ದನಿಯಲ್ಲಿ 'ನಿಲ್ಲಿಸೋ!' ಎಂದೆ. ನನ್ನ ಹಲ್ಲಿನ ಸೆಟ್ಟು ಹಾರಿ ರಸ್ತೆಗೆ ಬಿತ್ತು. ಲಾರಿ ನಿಂತಿತು. ಬಸ್ಸೂ ನಿಂತಿತು. ನಡೆಯುತ್ತಿದ್ದವರೂ ನಿಂತರು. ಅವಳು ಸೈಕಲ್ ಬಿಟ್ಟು ಫುಟ್‌ಪಾತಿಗೆ ಜಿಗಿದಿದ್ದಳು. ಚಕ್ರ ಅವಳ ಸೈಕಲ್ಲಿನ ಮುಂದಿನ ಗಾಲಿಯನ್ನು ಹಪ್ಪಳದಂತೆ ಮಡಚಿ, ಅವಳ ಚಪ್ಪಲಿಗೆ ಒಂದು ಗೇಣು ದೂರದಲ್ಲಿತ್ತು.

ಡ್ರೈವರು ಇಳಿದು ಬಂದ. ಪಾಪ, ಮುಖದಲ್ಲಿ ರಕ್ತವಿಲ್ಲ. 'ತಾತಾ, ಆ ಅಕ್ಕ ಎಲ್ಲಿದ್ರು? ನನ್ನ ಮಕ್ಕಳ ಮೇಲಾಣೆ, ಕಾಣಲೇ ಇಲ್ಲ!' ನಾನು ನಂಬಲಿಲ್ಲ. 'ಹತ್ತಿ ನೋಡಿ, ನೀವೇ ನೋಡಿ' ಎಂದು ಲಾರಿಯನ್ನು ಗೆರೆಯವರೆಗೆ ಹಿಂದಕ್ಕೆ ತಂದು ನನ್ನನ್ನು ತನ್ನ ಸೀಟಿಗೆ ಏರಿಸಿದ. ಸೊಸೆ ಮೊದಲು ನಿಂತಿದ್ದ ಜಾಗಕ್ಕೇ ಹೋಗಿ ನಿಂತು ಕೈ ಬೀಸಿದಳಂತೆ. ಬೀಸಿದಳಂತೆ ಎಂದು ಯಾಕೆ ಬರೆದೆ ಗೊತ್ತೇ? ನನಗೆ ಕಾಣಲಿಲ್ಲ! ಕನ್ನಡಿಯಲ್ಲಿ ಗೋದಾಮು ಕಂಡಿತು, ನಾನು ಕೂತಿದ್ದ ಬೆಂಚು ಕಂಡಿತು, ಬೆಂಚಿನ ಪಕ್ಕದ ನಾಯಿಯೂ ಕಂಡಿತು. ಸೊಸೆ ಮಾಯ. ರಂಗದ ನೆಲದಲ್ಲಿ ಬಾಗಿಲು ತೆರೆದು ಪಾತ್ರ ಮಾಯವಾಗುತ್ತಿತ್ತಲ್ಲ, ಹಾಗೆ. ಅಲ್ಲಿ ನಾವು ಚಪ್ಪಾಳೆ ಗಿಟ್ಟಿಸುತ್ತಿದ್ದೆವು. ಇಲ್ಲಿ ನಾನು ಸ್ಟೀರಿಂಗ್ ಹಿಡಿದು ಬಗ್ಗಿ ಬಗ್ಗಿ ಹುಡುಕಿದೆ. ನೀನೂ ನಾನೂ ಸೇರಿ ಅವಳನ್ನು ನಿಲ್ಲಿಸಿದ್ದು ಆ ಜಾಗದಲ್ಲಿ.

ಅಷ್ಟರಲ್ಲಿ ಅವಳನ್ನು ದಿನಾ ಅಲ್ಲೇ ನೋಡುವ ಟ್ರಾಫಿಕ್ ಪೊಲೀಸಿನವರು ಬಂದರು, ನನ್ನ ಹಲ್ಲು ಎತ್ತಿಕೊಟ್ಟರು. ಯಾರ ತಪ್ಪು ಎಂದು ಬೊಚ್ಚುಬಾಯಲ್ಲೇ ಕೇಳಿದೆ. 'ಆಯಮ್ಮ ನಿಂತದ್ದು ಸರಿ, ಹೊರಟದ್ದು ಸರಿ. ಇವನಿಗೂ ಹಸಿರಿತ್ತು, ಕನ್ನಡೀನೂ ನೋಡಿದಾನೆ. ಏನಂತ ಬರೀಲಿ?' ಎಂದು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, 'ಅಮ್ಮಾ, ಮೊದಲಿನ ಹಾಗೆ ಹೋದ್ರೆ ನಾನು ದಂಡದ ಚೀಟಿ ಹರೀಬೇಕು. ಹೀಗೆ ನಿಂತ್ರೆ ಒಂದಿನ ಪಂಚನಾಮೆ ಬರೀಬೇಕು. ನನಗೆ ಚೀಟಿ ಹರಿಯೋದೇ ಇಷ್ಟ' ಅಂದರು. ಸೊಸೆ ನಕ್ಕಳು, ಮಾರಾಯ! ಅಚ್ಚುಗಳನ್ನು ಒಂದೊಂದಾಗಿ ಒರೆಸಿ, ಒಂದೂ ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಲ್ಯಾಬಿಗೆ ನಡೆದೇ ಹೋದಳು. ಹತ್ತೂವರೆಗೆ ತಲುಪಬೇಕಾದ್ದು ಹತ್ತೂಮುಕ್ಕಾಲಿಗೆ ತಲುಪಿತು. ಎಂಥೆಂಥ ವೀರರ ವೇಷ ಹಾಕಿದ್ದೇನೆ ನಾನು! ಒಂದಕ್ಕೂ ಆ ನಡಿಗೆ ಬಂದಿರಲಿಲ್ಲ.

ನಿನಗೆ ನಿಮ್ಮಮ್ಮನ ಕಥೆ ಹೇಳಿದ್ದೆನೇ? ನಮ್ಮ ನಾಟಕ ಕಂಪನಿಯಲ್ಲಿ ಗಂಟೆ ಬಾರಿಸದೆ ಯಾರೂ ರಂಗಕ್ಕೆ ಕಾಲಿಡುವಂತಿರಲಿಲ್ಲ. ಒಂದು ಸಂಜೆ ಅವಳು ಗಂಟೆಗೆ ಮೊದಲೇ ನಾಲ್ಕು ಹೆಜ್ಜೆ ಮುಂದೆ ಬಂದಳು. ಮಾಲೀಕರು ಪಕ್ಕದಿಂದ ಹಲ್ಲು ಕಡಿಯುತ್ತಿದ್ದಾಗಲೇ ಅರಮನೆ ಪರದೆಯ ಬೊಂಬು ಅವಳು ನಿಂತಿರಬೇಕಿದ್ದ ಜಾಗಕ್ಕೆ ಬಿತ್ತು. ಹಗ್ಗ ಕಿರುಗುಟ್ಟಿದ್ದು ಅವಳಿಗೆ ಕೇಳಿಸಿತ್ತಂತೆ. ಗಂಟೆ ಹೊಡೆಯುವವನಿಗೆ ಕೇಳಿಸಿರಲಿಲ್ಲ. ನಿನ್ನ ರೈಲಿನ ದಾರಿಯಲ್ಲಿ ದೀಪ ಹಾಕುವವನಿಗೆ ಬರುವ ರೈಲು ಗೊತ್ತಿರುತ್ತದೆ. ಅಲ್ಲಿ ಕೆಂಪೆಂದರೆ ಕೆಂಪೇ, ಅದನ್ನು ಕಾಯುವ ನಿನಗೆ ನನ್ನ ನಮಸ್ಕಾರ. ನಾಲ್ಕುರಸ್ತೆಯ ದೀಪಕ್ಕೆ ಇವಳು ಅಲ್ಲಿದ್ದಾಳೆಂಬುದೇ ಗೊತ್ತಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ನಿನ್ನ ಕೈ ಸದಾ ಸ್ಥಿರವಾಗಿರಲಿ, ನಿನ್ನ ರೈಲುಗಳೆಲ್ಲ ಮನೆ ಮುಟ್ಟಲಿ ಎಂದು ಹರಸುವ,

ನಿನ್ನ ಅಪ್ಪ

ತಾ.ಕ.: ಅಂಚೆಯವನು ಮೆಟ್ಟಿಲು ಹತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನೆಲ್ಲ ನಿನಗೆ ತಿಳಿಸಬಾರದೆಂದು ಅವಳ ಅಪ್ಪಣೆ: 'ಅವರು ನೂರಾರು ಜನರ ಪ್ರಾಣ ಕಾಯೋರು ಮಾವ, ಕೈ ನಡುಗಿಸಬೇಡಿ.' ಸೈಕಲ್ ರಿಪೇರಿಯಾಗಿ ಬಂತು. ನಿನ್ನೆಯಿಂದ ಮತ್ತೆ ಅದೇ ಗೆರೆಯಲ್ಲಿ, ಲಾರಿಯ ಪಕ್ಕದಲ್ಲಿ ನಿಲ್ಲುತ್ತಿದ್ದಾಳೆ. ಬೇರೆ ದಾರಿಯೆಂದರೆ ಸೈಕಲ್ ಬಿಡದ ಮೇಲ್ಸೇತುವೆ. ಬೇಡಮ್ಮಾ, ಮೊದಲಿನ ಹಾಗೇ ಹೋಗು ಎಂದರೆ, 'ಮಾತು ಕೊಟ್ಟದ್ದು ಅವರಿಗೆ, ನಿಮಗಲ್ಲ' ಅನ್ನುತ್ತಾಳೆ. ಆ ಮಾತಿನಿಂದ ಬಿಡಿಸಬೇಕಾದವನು ನೀನು. ಮೂರೇ ಸಾಲು ಬರಿ, ಟೈಲಿನ ಮೇಲಿನದನ್ನು ನಾನೇ ಕಿತ್ತು ಹೊಸದನ್ನು ಅಂಟಿಸುತ್ತೇನೆ. ಅಲ್ಲಿಯವರೆಗೆ ದಿನಾ ಒಂಬತ್ತಕ್ಕೆ ಅವಳಿಗೂ ಲಾರಿಗೂ ನಡುವೆ ನಾನು ನಿಂತು ಕೂಗುತ್ತಿದ್ದೇನೆ, ಹಲ್ಲಿಗೆ ಎರಡು ಪಟ್ಟು ಅಂಟು ಹಚ್ಚಿಕೊಂಡು. ಗಂಟಲು ಈಗಾಗಲೇ ಒಡೆದಿದೆ ಮಗಾ. ತಡಮಾಡಬೇಡ.