ಟ್ರಾಕ್ಟರಿನಲ್ಲಿ ಮಿಕ್ಕ ತುಂಡು

ಗೋವಿನಕೋವಿ
ಹೊನ್ನಾಳಿ ತಾಲ್ಲೂಕು
೧೨-೨-೧೯೪೬

ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿರುವ ನಮ್ಮ ಮನೆಯವರಿಗೆ ಖಮರುನ್ನೀಸಾ ಮಾಡುವ ಸಲಾಂ. ನಿಮ್ಮ ಹೆಸರು ಲಕೋಟೆಯ ಮೇಲಿದೆ. ಒಳಗೆ ಬರೆಯುವಷ್ಟು ಧೈರ್ಯ ಇನ್ನೂ ಬಂದಿಲ್ಲ. ನಿಮಗೆ ಇದನ್ನು ಓದಿ ಹೇಳುತ್ತಿರುವ, ಪಕ್ಕದ ಮಂಚಕ್ಕೆ ಹೊಸದಾಗಿ ಬಂದ ಬೆನಕಪ್ಪಣ್ಣನವರಿಗೂ ಶರಣು. ಜಗಳೂರಿನವರ ಗಂಟಲು ದೊಡ್ಡದು ಅಂತ ಕೇಳಿದ್ದೇನೆ. ಸ್ವಲ್ಪ ಮೆತ್ತಗೆ ಓದಿ ಅಣ್ಣಾ, ನನ್ನ ಸಂಸಾರ ವಾರ್ಡಿಗೆಲ್ಲ ಕೇಳಿಸುವುದು ಬೇಡ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಎಲ್ಲರೂ ಆರಾಮ. ನಿಮ್ಮ ಅಮ್ಮನ ಮಂಡಿನೋವು ಇಳಿದಿದೆ, ನನ್ನ ಅಡುಗೆಗೆ ಹೆಸರಿಡುವುದು ಮತ್ತೆ ಶುರುವಾಗಿದೆ. ತಡಕ್ಕೆ ಅರ್ಧ ಕಾರಣ ಟ್ರಾಕ್ಟರು, ಇನ್ನರ್ಧ ನನ್ನ ಕೋಪ. ಬರ್ಮಾದಲ್ಲಿ ಕಣ್ಣು ಹೋದಾಗಿನಿಂದ ನೀವು ಬರೆಸುವುದು ಒಂದೇ ಮಾತು: ಊರಿಗೆ ಬರುವುದಿಲ್ಲ, ಕುರುಡನಿಂದ ಯಾರಿಗೇನು ಉಪಯೋಗ ಅಂತ. ಓದಿ ಓದಿ ಸಾಕಾಗಿದೆ. ನಿಮ್ಮನ್ನು ಮನೆಗೆ ಕರೆಸಿಕೊಳ್ಳುವ ತನಕ ನಾನು ಸುಮ್ಮನಿರುವವಳಲ್ಲ.

ಟ್ರಾಕ್ಟರಿನ ವಿಷಯ ಮೊದಲಿಂದ ಹೇಳುತ್ತೇನೆ, ಬೆನಕಪ್ಪಣ್ಣನವರಿಗೂ ತಿಳಿಯಲಿ. ಸೀಮೆಗೆ ವಾಪಸು ಹೊರಟ ಬಿಳಿ ದೊರೆಯೊಬ್ಬನಿಂದ ನಮ್ಮೂರ ಮಲ್ಲೇಶಪ್ಪನವರು ಅದನ್ನು ಕೊಂಡರು. ಇಪ್ಪತ್ತು ವರ್ಷದ ಮುದಿ ಯಂತ್ರ, ಕಬ್ಬಿಣದ ಚಕ್ರ. ಬಿಚ್ಚಿ ತುಂಡು ತುಂಡಾಗಿ ಶಿವಮೊಗ್ಗದಿಂದ ಎತ್ತಿನ ಗಾಡಿಗಳ ಮೇಲೆ ಬಂತು. ಯಾವ ತುಂಡು ಯಾತಕ್ಕೆ ಅಂತ ಹೇಳುವವರು ಯಾರೂ ಇರಲಿಲ್ಲ. ಒಂದು ಚೀಲದ ತುಂಬ ಮೂರು ಮೂಲೆಯ ದಪ್ಪ ಕಬ್ಬಿಣಗಳಿದ್ದವು. ಇವು ನೇಗಿಲಿನ ಕುಳ, ದೊರೆ ಪುಣ್ಯಾತ್ಮ, ಜೊತೆಗೆ ಸುಮ್ಮನೆ ಕೊಟ್ಟಿದ್ದಾನೆ ಅಂತ ಮಲ್ಲೇಶಪ್ಪನವರು ಅವನ್ನು ಮನೆ ಮನೆಗೂ ಹಂಚಿಬಿಟ್ಟರು. ಓಬಣ್ಣ ಒಂದನ್ನು ನೇಗಿಲಿಗೆ ಕಟ್ಟಿ, ಅರ್ಧ ಸಾಲು ಹೊಡೆದು, ಎತ್ತುಗಳನ್ನು ಬೈಯುತ್ತ ಮನೆಗೆ ಬಂದ.

ಇನ್ನೊಂದು ಪೆಟ್ಟಿಗೆ ಇತ್ತು, ತಲೆಯ ಮೇಲೆ ಲಾಳದಂಥ ಕಬ್ಬಿಣ. ತಿರುಗಿಸಿದವರಿಗೆ ಚೇಳು ಕುಟುಕಿದ ಹಾಗೆ ಹೊಡೆಯುತ್ತಿತ್ತು. ಮಲ್ಲೇಶಪ್ಪನವರ ತಾಯಿ ಗಾದ್ರಮ್ಮನವರು ಇದರಾಗೆ ಏನೋ ಐತೆ ಅಂತ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಜಗಲಿಯ ಮೇಲೆ ಕೂರಿಸಿದರು. ಅವರ ಸೊಸೆ ಶಿವಗಂಗಮ್ಮನವರಿಗೆ ರವಿಕೆ ಹೊಲಿಯಲು ಹೋಗಿದ್ದ ನಾನು ಪಕ್ಕದಲ್ಲಿಟ್ಟ ಸೂಜಿ ಹೋಗಿ ಅದಕ್ಕೆ ಅಂಟಿಕೊಂಡಿತು. ಅಲ್ಲಿಂದ ಅದರ ಭಕ್ತರು ಇನ್ನೂ ಹೆಚ್ಚಾದರು.

ಇದನ್ನೆಲ್ಲ ನಿಮಗೆ ಬರೆದು, ಕಪ್ಪಗಿದೆ, ಕೆಂಪಗೆ ತುಕ್ಕು ಹಿಡಿದಿದೆ ಅಂತ ವಿವರಿಸಿದ್ದಕ್ಕೆ ನೀವು ಬೈದಿರಿ: "ಬಣ್ಣ ಕಟ್ಟಿಕೊಂಡು ನನಗೇನಾಗಬೇಕು? ಕೈಗೆ ಹೆಂಗೆ ಸಿಗ್ತದೆ ಅದನ್ನ ಬರಿ." ಆ ಬೈಗುಳ ಓದಿ ನನಗೆಷ್ಟು ಖುಷಿಯಾಯಿತೆಂದು ನಿಮಗೆ ಗೊತ್ತಿಲ್ಲ. ಪಟ್ಟಾಳಕ್ಕೆ ಸೇರುವ ಮೊದಲು ಲಾರಿಯ ಕೆಳಗೆ ಮಲಗಿಕೊಂಡು ರಿಪೇರಿಗೆ ಪಾನಾ ಕೇಳುತ್ತಿದ್ದ ನಮ್ಮ ಮನೆಯವರು ಆ ಕಾಗದದಲ್ಲಿ ಸಿಕ್ಕರು. ಸೆರಗಿನಿಂದ ಕಣ್ಣು ಕಟ್ಟಿಕೊಂಡು ಒಂದೊಂದನ್ನೂ ತಡವಿ ನೋಡಿದೆ. ಶಿವಗಂಗಮ್ಮನವರು ನಕ್ಕರು, ನಗಲಿ. ಕಣ್ಣು ಬಿಟ್ಟಿದ್ದಾಗ ಕಾಣದ, ಜಿಡ್ಡಿನಲ್ಲಿ ಮುಚ್ಚಿಹೋದ ತೂತುಗಳು ಆ ಕುಳಗಳ ಅಡಿಯಲ್ಲಿ ಬೆರಳಿಗೆ ಸಿಕ್ಕವು. ಹಾಗೇ ಬರೆದು ಕಳಿಸಿದೆ.

ನಿಮ್ಮ ಉತ್ತರ ಬಂತು. ಅವು ಕುಳವಲ್ಲ, ಚಕ್ರ ಮಣ್ಣಿನಲ್ಲಿ ಜಾರದಂತೆ ಬೋಲ್ಟು ಹಾಕಿ ಕೂರಿಸುವ ಹಲ್ಲು. ಪೆಟ್ಟಿಗೆ ಮ್ಯಾಗ್ನೆಟೋ, ಕಿಡಿ ಹುಟ್ಟುವುದು ಅಲ್ಲೇ, ಕುಂಕುಮ ಒರೆಸಿ ಒಣಗಿಸಿ. ಮಲ್ಲೇಶಪ್ಪನವರು ಮನೆ ಮನೆಗೆ ಹೋಗಿ ಕುಳ ವಾಪಸು ಕೇಳಬೇಕಾಯಿತು. ಓಬಣ್ಣ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಹೊನ್ನಾಳಿಯ ಅಕ್ಕಿ ಗಿರಣಿಯವರು ಬಂದು, ನಿಮ್ಮ ಕಾಗದ ಕೇಳಿ ಕೇಳಿ ಜೋಡಿಸಿದರು. ಹೋದ ಶುಕ್ರವಾರ ಅದು ಕೆಮ್ಮಿತು, ಕರೀ ಹೊಗೆ ಬಿಟ್ಟಿತು, ಆಮೇಲೆ ಕೆರೆ ಪಕ್ಕದ ಹೊಲದಲ್ಲಿ ಮೆಲ್ಲಗೆ ನಡೆಯಿತು. ನಾನು ಅತ್ತುಬಿಟ್ಟೆ. ಹೊಗೆ ಕಣ್ಣಿಗೆ ಬಿತ್ತು ಅಂತ ಹೇಳಿದೆ.

ಎಲ್ಲ ಜೋಡಿಸಿದ ಮೇಲೆ ಒಂದು ತುಂಡು ಮಿಕ್ಕಿದೆ. ಯಂತ್ರವೇನೋ ಓಡುತ್ತಿದೆ, ಆದರೆ ಯಾವತ್ತು ಕೈ ಕೊಡುತ್ತದೋ ಅಂತ ಮಲ್ಲೇಶಪ್ಪನವರಿಗೆ ನಿದ್ದೆಯಿಲ್ಲ. ಮೊನ್ನೆ ನಮ್ಮ ಬಾಗಿಲಿಗೇ ಬಂದು ಹೇಳಿದರು: "ನೋಡಾಕೆ ಊರಾಗೆ ಬೇಕಾದಷ್ಟು ಜನ ಅದಾರೆ ಕಣಮ್ಮ. ಮುಟ್ಟಿ ಹೇಳಾರು ಒಬ್ರೂ ಇಲ್ಲ. ನಿನ್ನ ಗಂಡನ್ನ ಕರೆಸು. ಶೆಡ್ಡು ಕಟ್ಟಿಸ್ತೀನಿ, ಯಂತ್ರ ಅವನ ಕೈಯಾಗಿರ್ಲಿ." ಚನ್ನಗಿರಿ ಕಡೆಯವರೊಬ್ಬರೂ ಬಾವಿಯ ಇಂಜಿನ್ನು ನಿಂತಿದೆ, ನಿಮ್ಮವರು ಯಾವಾಗ ಬರುತ್ತಾರೆ ಅಂತ ಕೇಳಿ ಕಳಿಸಿದ್ದಾರೆ.

ಮಿಕ್ಕ ತುಂಡು ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಅದು ದುಂಡಗೋ ಚಪ್ಪಟೆಯೋ, ಭಾರವೋ ಹಗುರವೋ, ಒಂದಕ್ಷರವೂ ಬರೆಯುವುದಿಲ್ಲ. ಬೇಕಾದರೆ ಬಂದು ಮುಟ್ಟಿ ಹೇಳಿ. ಶಿವಮೊಗ್ಗ ಸ್ಟೇಷನ್ನಿಗೆ ಗಾಡಿ ಕಳಿಸುತ್ತಾರೆ, ದಿನ ತಿಳಿಸಿದರೆ ಸಾಕು.

ಅಮ್ಮ ದುವಾ ಹೇಳಿದ್ದಾರೆ. ಅಲ್ಲಾಹು ನಿಮ್ಮ ಕೈಗಳನ್ನು ಗಟ್ಟಿಯಾಗಿಟ್ಟಿರಲಿ.

ನಿಮ್ಮ
ಖಮರುನ್ನೀಸಾ

ಮರೆತಿದ್ದೆ: ಬೆನಕಪ್ಪಣ್ಣಾ, ಇಲ್ಲಿಂದ ಮುಂದಿನದನ್ನು ಅವರ ಕಿವಿಯ ಹತ್ತಿರ ಬಂದು ಓದಿ.

ಟ್ರಾಕ್ಟರಿನ ಕಾಗದವೆಂದು ನಿಮ್ಮ ಉತ್ತರವನ್ನು ಮಲ್ಲೇಶಪ್ಪನವರ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಅಮ್ಮನೂ ಇದ್ದರು. ಚಕ್ರ ಆಯಿತು, ಪೆಟ್ಟಿಗೆ ಆಯಿತು, ಅದರ ಕೆಳಗಿನ ಸಾಲಿಗೆ ಬಂದೆ. ನಿನಗಿನ್ನೂ ವಯಸ್ಸಿದೆ, ನಿನ್ನನ್ನು ಬಿಟ್ಟುಕೊಡುತ್ತೇನೆ, ಬೇರೆ ಮದುವೆ ಮಾಡಿಕೋ ಅಂತ ಇತ್ತು. "ಎಲ್ಲರಿಗೂ ಸಲಾಂ ತಿಳಿಸಿದ್ದಾರೆ" ಅಂತ ಸುಳ್ಳು ಓದಿ ಕಾಗದ ಮಡಚಿದೆ. ಅಂಗಳದವರೆಲ್ಲ ನಿಮಗೆ ತಿರುಗಿ ಸಲಾಂ ಹೇಳಿದರು.

ಆ ಮಾತನ್ನು ಇನ್ನೊಬ್ಬರ ಕೈಯಿಂದ ಬರೆಸಿ ಕಳಿಸಬೇಡಿ. ಬನ್ನಿ. ಕಬ್ಬಿಣಗಳ ಗುರುತು ಹಿಡಿದ ಆ ಕೈಯಿಂದ ನನ್ನ ಮುಖ ಒಮ್ಮೆ ಮುಟ್ಟಿ ನೋಡಿ. ಆಮೇಲೂ ಹೇಳಲು ಬಾಯಿ ಬಂದರೆ ಹೇಳಿ, ಕೇಳಿಕೊಂಡು ಹೋಗುತ್ತೇನೆ.